ಡಾಡ್ಜರ್‌ನ ಕಳ್ಳಮಾತು ಕನ್ನಡಕ್ಕೆ: ಸತ್ತುಹೋದ ಇಂಗ್ಲಿಷ್ ಸ್ಲ್ಯಾಂಗ್‌ನ ಅರ್ಥ ಹುಡುಕುವುದು ಹೇಗೆ?

ಪ್ರಶ್ನೆ: ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಬಿಡುವಿನಲ್ಲಿ ಡಿಕನ್ಸನ ‘ಆಲಿವರ್ ಟ್ವಿಸ್ಟ್’ ಅನ್ನು ಸಂಗ್ರಹ ಮಾಡದೆ ಪೂರ್ತಿಯಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಏಳು ಅಧ್ಯಾಯ ಸಲೀಸಾಗಿ ಮುಗಿದವು. ಎಂಟನೆಯದರಲ್ಲಿ ಜೇಬುಗಳ್ಳ ಹುಡುಗ ಡಾಡ್ಜರ್ ಬಾಯಿ ತೆರೆದದ್ದೇ ತಡ, ನಿಂತುಬಿಟ್ಟೆ. ಕೋವಿ, ಬೀಕ್, ಮಿಲ್, ಸ್ಟೋನ್ ಜಗ್, ಮ್ಯಾಗ್‌ಪೈ, ಮಾರಿಸ್ ಎಂದು ಸಾಲುಸಾಲಾಗಿ ಬರುತ್ತವೆ. ಅಂತರ್ಜಾಲದ ‘ಮರೆತುಹೋದ ಇಂಗ್ಲಿಷ್ ಪದಗಳ’ ಪಟ್ಟಿಗಳು ಒಂದಕ್ಕೊಂದು ಹೊಂದುವುದಿಲ್ಲ. ಐನೂರು ಪೌಂಡಿಗೆ ‘ಮಂಕಿ’ ಎಂಬ ಹೆಸರು ಭಾರತದ ಐನೂರು ರೂಪಾಯಿ ನೋಟಿನಿಂದ ಬಂತು, ‘ಪಾಶ್’ ಎಂಬುದು ಮುಂಬಯಿ ಹಡಗಿನ ಟಿಕೆಟ್ಟಿನಿಂದ ಬಂತು ಎಂದು ವಾಟ್ಸಾಪಿನಲ್ಲೂ ಓದಿದೆ. ಯಾವುದನ್ನು ನಂಬಲಿ? ಕಳ್ಳರಿಗೆಲ್ಲ ಹುಬ್ಬಳ್ಳಿ ಕಡೆಯ ಮಾತು ಕೊಟ್ಟುಬಿಡಿ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಅದು ಸರಿಯೇ?

ಉತ್ತರ: ಪದಗಳ ಅರ್ಥ ಸಿಗುತ್ತಿಲ್ಲ ಎಂದು ಬರೆದಿದ್ದೀರಿ. ಅರ್ಥ ಹುಡುಕುವುದು ಅರ್ಧ ದಿನದ ಕೆಲಸ. ಆ ಪದವನ್ನು ಯಾರು, ಯಾವ ಊರಲ್ಲಿ, ಯಾವ ದಶಕದಲ್ಲಿ ಆಡುತ್ತಿದ್ದರು ಎಂಬುದನ್ನು ಗೊತ್ತು ಮಾಡಿಕೊಳ್ಳುವುದು ಅದಕ್ಕಿಂತ ಕಷ್ಟ, ಮತ್ತು ಅನುವಾದ ಗೆಲ್ಲುವುದೂ ಸೋಲುವುದೂ ಅಲ್ಲೇ. 1560ರ ದಶಕದ ಅಲೆಮಾರಿಗಳ ಗುಪ್ತ ಮಾತು, 1780ರ ದಶಕದ ಲಂಡನ್ ಹೆಂಡದಂಗಡಿಯ ಮಾತು, 1850ರ ದಶಕದ ತಳ್ಳುಗಾಡಿ ವ್ಯಾಪಾರಿಗಳ ಮಾತು, ಯಾರ್ಕ್‌ಷೈರಿನ ಕುರಿಗಾಹಿಯ ಮಾತು, ಇವೆಲ್ಲ ಬೇರೆ ಬೇರೆ ಜನರ ಸ್ವತ್ತು. ನೀವು ನೋಡಿದ ಪಟ್ಟಿಗಳು ಇವನ್ನೆಲ್ಲ ‘ವಿಕ್ಟೋರಿಯನ್ ಸ್ಲ್ಯಾಂಗ್’ ಎಂಬ ಒಂದೇ ತಲೆಬರಹದಡಿ ಸುರಿದಿವೆ. ಅದಕ್ಕೇ ಅವು ಹೊಂದುವುದಿಲ್ಲ.

ಮೊದಲು ವಾಟ್ಸಾಪಿನ ಎರಡು ಕತೆಗಳು. ಬೆಟ್ಟಿಂಗ್ ಮಾತಿನಲ್ಲಿ ‘ಪೋನಿ’ ಎಂದರೆ ಇಪ್ಪತ್ತೈದು ಪೌಂಡು, ‘ಮಂಕಿ’ ಎಂದರೆ ಐನೂರು ಎಂಬುದು ನಿಜ. ಭಾರತದ ನೋಟಿನ ಮೇಲೆ ಕುದುರೆಮರಿ, ಕೋತಿ ಇದ್ದವು ಎಂಬುದಕ್ಕೆ ಆಧಾರವಿಲ್ಲ. ಅಂಥ ನೋಟನ್ನು ಯಾರೂ ತೋರಿಸಿಲ್ಲ. ತಾರೀಕುಗಳೂ ಕೂಡುವುದಿಲ್ಲ. ‘ಪೋನಿ’ ಹದಿನೆಂಟನೇ ಶತಮಾನದ ಕೊನೆಗೇ ಹಣದ ಅರ್ಥದಲ್ಲಿ ಬರಹಕ್ಕೆ ಬಂದಿತ್ತು, ‘ಮಂಕಿ’ 1830ರ ದಶಕಕ್ಕೆ. ಭಾರತ ಸರ್ಕಾರದ ನೋಟುಗಳು ಶುರುವಾದದ್ದು 1861ರ ಕಾಯ್ದೆಯ ನಂತರ, ಅವುಗಳ ಮೇಲಿದ್ದ ಚಿತ್ರ ವಿಕ್ಟೋರಿಯಾ ರಾಣಿಯದು.

‘ಪಾಶ್’ನದೂ ಇದೇ ಹಣೆಬರಹ. ಭಾರತಕ್ಕೆ ಬರುವಾಗ ಎಡಗಡೆಯ ಕೋಣೆ, ಹೋಗುವಾಗ ಬಲಗಡೆಯದು, ಅವೆರಡೂ ನೆರಳಿನ ಬದಿ, ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿ ಪಾಶ್ ಆಯಿತು ಎಂಬ ಕತೆ ಕೇಳಲು ಸೊಗಸಾಗಿದೆ. ಆದರೆ ಹಾಗೆ ಮುದ್ರೆ ಒತ್ತಿದ ಒಂದು ಟಿಕೆಟ್ಟೂ ಸಿಕ್ಕಿಲ್ಲ, ಮತ್ತು ಕತೆಯೇ ಕಾಣಿಸಿಕೊಳ್ಳುವುದು 1930ರ ದಶಕದಲ್ಲಿ. ಅದಕ್ಕೆ ನೂರು ವರ್ಷ ಮೊದಲೇ ‘ಪಾಶ್’ ಎಂದರೆ ಚಿಲ್ಲರೆ ಕಾಸು. ಜಿಪ್ಸಿಗಳ ರೊಮಾನಿ ಭಾಷೆಯಲ್ಲಿ ‘ಪಾಶ್’ ಅಂದರೆ ಅರ್ಧ. ಹತ್ತೊಂಬತ್ತನೇ ಶತಮಾನದ ಕೊನೆಯ ಸ್ಲ್ಯಾಂಗ್ ನಿಘಂಟುಗಳಲ್ಲಿ ಅದಕ್ಕೆ ‘ಶೋಕಿಲಾಲ’ ಎಂಬ ಅರ್ಥವೂ ಸೇರಿಕೊಂಡಿದೆ. ಒಂದು ಹಳೆಯ ಪದ ಮೊದಲಕ್ಷರಗಳನ್ನು ಜೋಡಿಸಿ ಹುಟ್ಟಿತು ಎಂದು ಯಾರಾದರೂ ಹೇಳಿದರೆ ಅಲ್ಲೇ ಅನುಮಾನಿಸಿ. ಹಾಗೆ ಪದ ಕಟ್ಟುವ ಚಾಳಿ ಬೆಳೆದದ್ದು ಇಪ್ಪತ್ತನೇ ಶತಮಾನದಲ್ಲಿ.

ಮೂರನೆಯ ಬಗೆಯ ಸುಳ್ಳು ಇನ್ನೂ ನಯವಾದದ್ದು. ‘ಆಪ್ರಿಸಿಟಿ’ ಎಂಬ ಪದ ನಿಮ್ಮ ಪಟ್ಟಿಯಲ್ಲೂ ಇರಬೇಕು: ಚಳಿಗಾಲದ ಬಿಸಿಲಿನ ಹಿತ. ಹೆನ್ರಿ ಕಾಕರಮ್ 1623ರ ತನ್ನ ನಿಘಂಟಿನಲ್ಲಿ ಅದನ್ನು ಕೊಟ್ಟಿದ್ದಾನೆ. ಆ ನಿಘಂಟು ಲ್ಯಾಟಿನ್ ಮೂಲದ ಭಾರೀ ಪದಗಳ ಪ್ರದರ್ಶನ. ಆ ಪದ ಜನರ ಮಾತಿನಲ್ಲಿ ಓಡಾಡಿದ್ದಕ್ಕೆ ಕುರುಹಿಲ್ಲ. ಎಂದೂ ಬದುಕಿರದ ಪದವನ್ನು ‘ಮರೆತುಹೋದದ್ದು’ ಎಂದು ಅಳುವುದರಲ್ಲಿ ಅರ್ಥವಿಲ್ಲ.

ಸಿನಿಮಾಗಳಿಂದ ಹಬ್ಬಿದ ತಪ್ಪೊಂದು ನಿಮ್ಮ ಕೆಲಸಕ್ಕೆ ನೇರವಾಗಿ ತಟ್ಟುತ್ತದೆ. ಲಂಡನ್ನಿನ ಕಳ್ಳರೆಂದರೆ ಪ್ರಾಸದ ಸ್ಲ್ಯಾಂಗ್ ಆಡಬೇಕು ಎಂಬ ಕಲ್ಪನೆ: ಮೆಟ್ಟಿಲಿಗೆ, ಅಂದರೆ ‘ಸ್ಟೇರ್ಸ್’ಗೆ, ಪ್ರಾಸವಾಗಿ ‘ಆ್ಯಪಲ್ಸ್ ಆ್ಯಂಡ್ ಪೇರ್ಸ್’ ಇತ್ಯಾದಿ. ಅದು ದಾಖಲಾದದ್ದು 1850ರ ದಶಕದ ಕೊನೆಯ ನಿಘಂಟುಗಳಲ್ಲಿ. 1859ರಲ್ಲಿ ಜಾನ್ ಕ್ಯಾಮ್ಡನ್ ಹಾಟನ್, ಇದು ಶುರುವಾಗಿ ಹನ್ನೆರಡು ಹದಿನೈದು ವರ್ಷ ಆಗಿರಬಹುದು ಎಂದು ಬರೆದ. ‘ಆಲಿವರ್ ಟ್ವಿಸ್ಟ್’ ಕಂತುಗಳಲ್ಲಿ ಬಂದದ್ದು 1837ರಿಂದ 1839ರವರೆಗೆ. ಹಾಗಾಗಿ ಡಾಡ್ಜರ್‌ಗೆ ಕನ್ನಡದ ಪ್ರಾಸದ ಚಮತ್ಕಾರ ಕಟ್ಟಿಕೊಡಲು ಹೋಗಬೇಡಿ. ಅವನ ಮಾತಿನ ಜಾತಿಯೇ ಬೇರೆ.

ಕಳ್ಳರ, ಅಲೆಮಾರಿಗಳ ಗುಪ್ತ ಮಾತಿನ ಆ ಜಾತಿಯ ಹೆಸರು ಕ್ಯಾಂಟ್, ಆಮೇಲೆ ಫ್ಲ್ಯಾಶ್. ಅದರ ದಾಖಲೆ ಸುಮಾರು 1566ರಲ್ಲಿ ಥಾಮಸ್ ಹಾರ್ಮನ್ ಎಂಬ ಕೆಂಟ್ ಸೀಮೆಯ ಜಮೀನುದಾರನಿಂದ ಗಟ್ಟಿಯಾಗಿ ಶುರುವಾಗುತ್ತದೆ. ಬಾಗಿಲಿಗೆ ಬಂದ ಭಿಕ್ಷುಕರನ್ನೂ ಅಲೆಮಾರಿಗಳನ್ನೂ ಪ್ರಶ್ನಿಸಿ ಅವನು ಪದಪಟ್ಟಿ ಮಾಡಿದ. ರಾತ್ರಿಗೆ ‘ಡಾರ್ಕ್‌ಮನ್ಸ್’, ಹಗಲಿಗೆ ‘ಲೈಟ್‌ಮನ್ಸ್’, ಒಳ್ಳೆಯದಕ್ಕೆ ‘ಬೀನ್’, ಮನೆಗೆ ‘ಕೆನ್’, ಕಾನ್‌ಸ್ಟೇಬಲನಿಗೆ ‘ಹಾರ್ಮನ್ ಬೆಕ್’. (ಬರೆದವನ ಹೆಸರಿಗೂ ಇದಕ್ಕೂ ಹೋಲಿಕೆ ಕಾಕತಾಳೀಯವಿರಬೇಕು.) ಇವು ಸತ್ತವು. ಆದರೆ ಅದೇ ಪಟ್ಟಿಯ ‘ಬೌಸ್’ ಇವತ್ತು ‘ಬೂಸ್’ ಆಗಿ ಬೆಂಗಳೂರಿನ ಕಾಲೇಜು ಹುಡುಗರ ಬಾಯಲ್ಲೂ ಇದೆ, ಬಟ್ಟೆ ಎಂಬರ್ಥದ ‘ಡಡ್ಸ್’ ಕೂಡ ಉಳಿದಿದೆ. ಸ್ಲ್ಯಾಂಗ್ ಹುಟ್ಟಿದಷ್ಟೇ ಬೇಗ ಸಾಯುತ್ತದೆ ಎಂಬ ಮಾತನ್ನು ನಾಲ್ಕೂವರೆ ಶತಮಾನದ ‘ಬೂಸ್’ ಸುಳ್ಳು ಮಾಡುತ್ತದೆ.

ಇಲ್ಲೊಂದು ಬಲೆಯಿದೆ, ಬಹುಪಾಲು ಅನುವಾದಕರು ಇದರಲ್ಲೇ ಬೀಳುವುದು. ನಿಘಂಟುಕಾರರು ಒಬ್ಬರಿಂದೊಬ್ಬರು ನಕಲು ಹೊಡೆದರು. ಹಾರ್ಮನ್‌ನ ಪದಗಳನ್ನು 1608ರಲ್ಲಿ ಥಾಮಸ್ ಡೆಕ್ಕರ್ ಎತ್ತಿಕೊಂಡ. ಹದಿನೇಳನೇ ಶತಮಾನದ ಕೊನೆಯಲ್ಲಿ ಬಿ.ಇ. ಎಂಬ ಅಕ್ಷರಗಳಷ್ಟೇ ಗೊತ್ತಿರುವ ಒಬ್ಬ ಲೇಖಕನ ನಿಘಂಟಿಗೂ ಅವು ಬಂದವು. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ತನ್ನ ಪ್ರಸಿದ್ಧ ಸ್ಲ್ಯಾಂಗ್ ನಿಘಂಟಿನಲ್ಲಿ ಮತ್ತೆ ಸೇರಿಸಿದ. ಗ್ರೋಸ್ ತಾನೇ ಓಡಾಡಿ ಕೇಳಿ ಬರೆದದ್ದೂ ಬೇಕಾದಷ್ಟಿದೆ. ಆದರೆ ಪುಟದ ಮೇಲೆ ಕೇಳಿದ್ದು ಯಾವುದು, ಕದ್ದದ್ದು ಯಾವುದು ಎಂಬ ಗುರುತಿಲ್ಲ. 1785ರ ಪುಸ್ತಕದಲ್ಲಿ ಪದವಿದೆ ಎಂದಮಾತ್ರಕ್ಕೆ ಆ ವರ್ಷ ಅದನ್ನು ಯಾರೋ ಆಡುತ್ತಿದ್ದರು ಎಂದಾಗುವುದಿಲ್ಲ. ಗ್ರೋಸ್‌ನ ನಿಘಂಟು 1811ರಲ್ಲಿ ‘ಲೆಕ್ಸಿಕನ್ ಬಲಟ್ರಾನಿಕಮ್’ ಎಂಬ ಹೆಸರಿನಲ್ಲಿ ಮರುಹುಟ್ಟು ಪಡೆಯಿತು. ಅಂತರ್ಜಾಲದ ಪಟ್ಟಿಗಳಿಗೆ ಹೆಚ್ಚಿನ ಸರಕು ಪೂರೈಸುವುದು ಇದೇ.

ನಿಮ್ಮ ಕಾದಂಬರಿಗೆ ಹತ್ತಿರದ ಸಾಕ್ಷಿ ಬೇರೊಬ್ಬನಿದ್ದಾನೆ: ಜೇಮ್ಸ್ ಹಾರ್ಡಿ ವಾಕ್ಸ್. ಸ್ವತಃ ಕಳ್ಳ, ಆಸ್ಟ್ರೇಲಿಯಾಕ್ಕೆ ಮೂರು ಬಾರಿ ಗಡೀಪಾರಾದವನು. 1812ರಲ್ಲಿ ನ್ಯೂಸೌತ್‌ವೇಲ್ಸ್‌ನ ನ್ಯೂಕಾಸಲ್ ಶಿಬಿರದಲ್ಲಿ ಶಿಕ್ಷೆ ಅನುಭವಿಸುತ್ತ ಫ್ಲ್ಯಾಶ್ ಮಾತಿನ ಪದಕೋಶ ಬರೆದ. 1819ರಲ್ಲಿ ಅದು ಅವನ ಆತ್ಮಕಥೆಯ ಜೊತೆ ಅಚ್ಚಾಯಿತು. ರೇಷ್ಮೆ ಕರವಸ್ತ್ರಕ್ಕೆ ‘ಫೋಗಲ್’, ಪೊಲೀಸರಿಗೆ ‘ಟ್ರ್ಯಾಪ್ಸ್’, ಗಡೀಪಾರಾದವನಿಗೆ ‘ಲ್ಯಾಗ್’, ಡಾಡ್ಜರ್‌ನ ಯಜಮಾನ ಫೇಗಿನ್ನನ ಗುಂಪು ಆಡುವ ಇಂಥ ಪದಗಳು ಅಲ್ಲಿವೆ. ಹೊರಗಿನಿಂದ ಇಣುಕಿದವರ ಹತ್ತು ಪಟ್ಟಿಗಿಂತ ಒಳಗಿನವನ ಈ ಒಂದು ಪಟ್ಟಿಗೆ ಹೆಚ್ಚು ತೂಕ ಕೊಡಿ.

ಪ್ರತಿ ಪದವನ್ನೂ ಪರೀಕ್ಷಿಸುವ ಕ್ರಮ ಹೀಗಿರಲಿ. ಮೊದಲು ಜೊನಾಥನ್ ಗ್ರೀನ್ ಅವರ ಸ್ಲ್ಯಾಂಗ್ ನಿಘಂಟು. 2010ರಲ್ಲಿ ಮೂರು ಸಂಪುಟಗಳಲ್ಲಿ ಬಂದದ್ದು, ಈಗ ಅಂತರ್ಜಾಲದಲ್ಲಿದೆ. ಅರ್ಥದ ಸಾಲಿಗಿಂತ ಕೆಳಗಿನ ಉದ್ಧರಣೆಗಳನ್ನು ಓದಿ. ನಿಮ್ಮ ಕಾದಂಬರಿಗೆ ಇಪ್ಪತ್ತು ವರ್ಷ ಹಿಂದೆ ಮುಂದೆ, ನಿಘಂಟಲ್ಲದ ಬರಹದಲ್ಲಿ, ಕಡೇಪಕ್ಷ ಎರಡು ಬಳಕೆ ಸಿಕ್ಕರೆ ಪದ ಜೀವಂತವಾಗಿತ್ತು ಎಂದು ಹಿಡಿಯಬಹುದು. ಉದ್ಧರಣೆಗಳೆಲ್ಲ ಬರೀ ನಿಘಂಟುಗಳಿಂದಲೇ ಬಂದಿದ್ದರೆ ಎಚ್ಚರ. ಎರಡನೆಯದಾಗಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ ವರದಿಗಳು: 1674ರಿಂದ 1913ರವರೆಗಿನ ಸುಮಾರು 1,97,000 ವಿಚಾರಣೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಹುಡುಕಲು ಸಿಗುತ್ತವೆ. ಸಾಕ್ಷಿಗಳ, ಆರೋಪಿಗಳ ಬಾಯಿಮಾತು ಅಲ್ಲಿ ಆಗಾಗ ಹಾಗೆಹಾಗೇ ಉಳಿದಿದೆ. ಗೂಗಲ್‌ನ ಪುಸ್ತಕರಾಶಿಯ ಏರಿಳಿತದ ರೇಖೆಗಳನ್ನು ಮಾತ್ರ ನೆಚ್ಚಬೇಡಿ. 1800ಕ್ಕೆ ಮುಂಚಿನ ಅಚ್ಚಿನಲ್ಲಿ ಉದ್ದನೆಯ ಎಸ್ ಅಕ್ಷರ ಇರುತ್ತಿತ್ತು, ಯಂತ್ರ ಅದನ್ನು ಎಫ್ ಎಂದು ಓದುತ್ತದೆ, ‘ಸೇಮ್’ ಇದ್ದದ್ದು ‘ಫೇಮ್’ ಆಗುತ್ತದೆ. ಅಲ್ಲದೆ ಸ್ಲ್ಯಾಂಗ್ ಅಚ್ಚಿಗೆ ಬರುವುದೇ ತಡವಾಗಿ.

ಹಳ್ಳಿಗಾಡಿನ ಉಪಭಾಷೆಯ ಪದಗಳಿಗೆ ದಾರಿ ಬೇರೆ. ಡಿಕನ್ಸನ ಈ ಕಾದಂಬರಿಯಲ್ಲಿ ಅವು ಕಡಿಮೆ, ಆದರೆ ಮುಂದೆ ಎಲಿಜಬೆತ್ ಗ್ಯಾಸ್ಕೆಲ್ ಅಥವಾ ಬ್ರಾಂಟಿ ಸೋದರಿಯರಿಗೆ ಕೈಹಾಕಿದರೆ ಬೇಕಾಗುತ್ತದೆ. ಜೋಸೆಫ್ ರೈಟ್ 1898ರಿಂದ 1905ರವರೆಗೆ ಆರು ಸಂಪುಟಗಳಲ್ಲಿ ತಂದ ಇಂಗ್ಲಿಷ್ ಉಪಭಾಷಾ ನಿಘಂಟೇ ಅಲ್ಲಿ ಮೂಲ. ಯಾರ್ಕ್‌ಷೈರಿನ ಗಿರಣಿಯಲ್ಲಿ ಬಾಲಕಾರ್ಮಿಕನಾಗಿದ್ದು, ಹದಿನೈದರ ಹೊತ್ತಿಗೆ ಓದು ಕಲಿತು, ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕನಾದ ಮನುಷ್ಯ ಅವನು. ಪ್ರತಿ ಪದದ ಪಕ್ಕ ಸೀಮೆಯ ಸಂಕ್ಷಿಪ್ತ ಹೆಸರು ಇರುತ್ತದೆ, ಅದನ್ನು ಹಾರಿಸಿ ಓದಿದರೆ ನಿಘಂಟು ಓದಿದಂತೆಯೇ ಅಲ್ಲ. ಹಸಿವಿನಿಂದ ಕಂಗೆಡುವುದಕ್ಕೆ ‘ಕ್ಲೆಮ್’ ಎಂಬುದು ಲ್ಯಾಂಕಷೈರ್ ಕಡೆಯದು. ಗ್ಯಾಸ್ಕೆಲ್‌ರ ಮ್ಯಾಂಚೆಸ್ಟರ್ ನೇಕಾರರು ಅದನ್ನು ಆಡುತ್ತಾರೆ, ಲಂಡನ್ನಿನವರು ಆಡುವುದಿಲ್ಲ. ರೈಟ್‌ನ ವ್ಯಾಪ್ತಿ ಹಿಂದಿನ ಇನ್ನೂರು ವರ್ಷದ್ದು ಎಂಬುದೂ ನೆನಪಿರಲಿ, 1700ರ ಪದವೂ 1900ರ ಪದವೂ ಒಂದೇ ಪುಟದಲ್ಲಿ ಕೂತಿರುತ್ತವೆ. ಅವನ ನಂತರ 1950ರಿಂದ 1961ರವರೆಗೆ ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ತಂಡ 313 ಹಳ್ಳಿಗಳಲ್ಲಿ ಹಿರಿಯರನ್ನು ಕೂರಿಸಿಕೊಂಡು ಸಾವಿರದ ಮುನ್ನೂರಕ್ಕೂ ಹೆಚ್ಚು ಪ್ರಶ್ನೆ ಕೇಳಿ ಸಮೀಕ್ಷೆ ಮಾಡಿತು. ಎರಡನ್ನೂ ಎದುರುಬದುರು ಇಟ್ಟರೆ ಆ ಅರ್ಧ ಶತಮಾನದಲ್ಲಿ ಯಾವ ಪದ ಎಲ್ಲಿ ಕುಗ್ಗಿತು ಎಂಬುದು ಕಾಣುತ್ತದೆ.

ಉಪಭಾಷೆ ಎಂದರೆ ‘ಶುದ್ಧ’ ಇಂಗ್ಲಿಷ್ ಕೆಟ್ಟದ್ದು ಎಂದು ತರಗತಿಯಲ್ಲಿ ಹೇಳುವವರು ಇನ್ನೂ ಇದ್ದಾರೆ. ಚಳಿ ತಡೆಯದವನಿಗೆ ‘ನೆಶ್’, ತಾಳಿಕೊಳ್ಳುವುದಕ್ಕೆ ‘ಥೋಲ್’, ಇವೆರಡೂ ಹಳೆಗಾಲದ ಆಂಗ್ಲೋ ಸ್ಯಾಕ್ಸನ್ ಪದಗಳೇ. ‘ಆಸ್ಕ್’ ಬದಲು ‘ಆಕ್ಸ್’ ಎಂದರೆ ನಗುತ್ತೇವೆ. ಹಳೆಯ ಇಂಗ್ಲಿಷಿನಲ್ಲಿ ಎರಡೂ ರೂಪ ಇದ್ದವು, ಹಳೆಯ ಕವಿ ಚಾಸರ್ ‘ಆಕ್ಸ್’ ಬರೆದಿದ್ದಾನೆ. ಕೆಟ್ಟದ್ದೇನೂ ಇಲ್ಲ, ರಾಜಧಾನಿ ಬಿಟ್ಟದ್ದನ್ನು ಹಳ್ಳಿ ಇಟ್ಟುಕೊಂಡಿತು.

ಪದಗಳು ಸಾಯುವುದಕ್ಕೆ ಕಾರಣ ಹೆಚ್ಚಿನ ಸಲ ಭಾಷೆಯ ಹೊರಗಿರುತ್ತದೆ. 1870ರ ಶಿಕ್ಷಣ ಕಾಯ್ದೆ ಊರೂರಿಗೆ ಶಾಲೆ ತಂದಿತು, ರೈಲು ಮತ್ತು ಕಾರ್ಖಾನೆ ಜನರನ್ನು ಕಲೆಸಿದವು, ಕುದುರೆ ಹೋಗಿ ಟ್ರ್ಯಾಕ್ಟರ್ ಬಂದಾಗ ಕುದುರೆಸಾಜಿನ ಒಂದು ಪದಕೋಶವೇ ಹೋಯಿತು. ಕಳ್ಳಮಾತಿಗೆ ಇನ್ನೊಂದು ಶಾಪ: ಪೊಲೀಸರಿಗೆ ಅರ್ಥವಾದ ದಿನವೇ ಅದು ನಿಷ್ಪ್ರಯೋಜಕ. ನಮ್ಮ ದನದ ಜಾತ್ರೆಯ ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವಂತೆ, ಅದರ ಬೆಲೆಯಿರುವುದು ಪಕ್ಕದವನಿಗೆ ತಿಳಿಯದಿರುವುದರಲ್ಲಿ. ಹಣದ ಪದಗಳದ್ದು ಅತ್ಯಂತ ಸ್ಪಷ್ಟ ಮರಣ. ಷಿಲಿಂಗಿಗೆ ‘ಬಾಬ್’, ಆರು ಪೆನ್ಸಿಗೆ ‘ಟ್ಯಾನರ್’. 1971ರ ಫೆಬ್ರವರಿ 15ರಂದು ಬ್ರಿಟನ್ ದಶಮಾಂಶ ನಾಣ್ಯಕ್ಕೆ ಬದಲಾದ ಮೇಲೆ ಅವು ಅಜ್ಜಂದಿರ ಮಾತಾದವು.

ಇಂಗ್ಲೆಂಡಿನಲ್ಲಿ ಸತ್ತದ್ದು ಎಲ್ಲೆಡೆ ಸತ್ತಿರಬೇಕೆಂದೂ ಇಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದು ಕುಡಿಯುವುದಕ್ಕೆ ಗ್ರೋಸ್ ‘ಟಿಫಿಂಗ್’ ಎಂಬ ಪದ ಕೊಡುತ್ತಾನೆ. ಅಲ್ಲಿ ಅದು ಮಾಯವಾಯಿತು. ಇಲ್ಲಿ ‘ಟಿಫಿನ್’ ಆಗಿ ಬೆಂಗಳೂರಿನ ಟಿಫಿನ್ ರೂಮುಗಳ ಫಲಕದಲ್ಲಿ ನಿಂತಿದೆ. ನಮ್ಮ ಕಾರಿನ ‘ಡಿಕ್ಕಿ’ ಹಳೆಯ ಸಾರೋಟಿನ ಹಿಂದಿನ ಸೀಟಿನ ಹೆಸರು. ‘ಸ್ಟೆಪ್ನಿ’ ಹುಟ್ಟಿದ್ದು ವೇಲ್ಸ್‌ನ ಲನೆತ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಶುರುವಾದ ಬಿಡಿಚಕ್ರದ ಉದ್ಯಮದಿಂದ. ಲಂಡನ್ನಿನ ಗ್ಯಾರೇಜಿನಲ್ಲಿ ಇವೆರಡನ್ನೂ ಕೇಳಿದರೆ ಮೆಕ್ಯಾನಿಕ್ ಪಿಳಿಪಿಳಿ ನೋಡುತ್ತಾನೆ.

ಇನ್ನು ಕನ್ನಡಕ್ಕೆ ತರುವ ಮಾತು. ಸಹೋದ್ಯೋಗಿಯ ಸಲಹೆಯನ್ನು ಒಪ್ಪಬೇಡಿ ಎಂದೇ ಹೇಳುತ್ತೇನೆ. ಕಳ್ಳರಿಗೆ ಹುಬ್ಬಳ್ಳಿಯ ಮಾತು ಕೊಟ್ಟರೆ ಮೂರು ತಪ್ಪು ಒಟ್ಟಿಗೆ ಆಗುತ್ತವೆ. ಕಳ್ಳರ ಅಡ್ಡೆಯಿರುವ ಲಂಡನ್ನಿನ ಫೀಲ್ಡ್ ಲೇನ್ ಓದುಗನ ಮನಸ್ಸಿನಲ್ಲಿ ಹುಬ್ಬಳ್ಳಿಯ ದುರ್ಗದ ಬೈಲಾಗುತ್ತದೆ. ಲಕ್ಷಾಂತರ ಮರ್ಯಾದಸ್ಥರ ಮನೆಮಾತು ಕಳ್ಳತನದ ಗುರುತಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಫ್ಲ್ಯಾಶ್ ಒಂದು ಪ್ರದೇಶದ ಭಾಷೆಯಲ್ಲ, ಹೊರಗಿನವನನ್ನು ಹೊರಗಿಡುವ ಮಾತು. ಹುಬ್ಬಳ್ಳಿ ಕನ್ನಡ ಯಾವ ಕನ್ನಡಿಗನನ್ನೂ ಹೊರಗಿಡುವುದಿಲ್ಲ. ಬೆಂಗಳೂರಿನ ಇವತ್ತಿನ ಹುಡುಗರ ‘ಮಗಾ, ಗುರು’ ಹಾಕಿದರೆ ಅಪಾಯ ಬೇರೆ: ಹತ್ತು ವರ್ಷದಲ್ಲಿ ನಿಮ್ಮ ಅನುವಾದವೇ ಹಳತಾಗುತ್ತದೆ.

ಎಲ್ಲವನ್ನೂ ಸಾದಾ ಕನ್ನಡಕ್ಕೆ ಇಳಿಸಿ, ವರಸೆಯನ್ನು ಏಕವಚನದಲ್ಲಿ, ಕತ್ತರಿಸಿದ ಕ್ರಿಯಾಪದಗಳಲ್ಲಿ ತೋರಿಸುವುದು ಸುರಕ್ಷಿತ ದಾರಿ. ಓದು ಸರಾಗ, ಆದರೆ ಆಲಿವರ್‌ಗೆ ಆಗುವ ಗಲಿಬಿಲಿ ಓದುಗನಿಗೆ ಆಗುವುದಿಲ್ಲ. ಡಿಕನ್ಸ್ ಆ ಗಲಿಬಿಲಿಯನ್ನು ಬೇಕೆಂದೇ ಕಟ್ಟಿದ್ದಾನೆ. ‘ಬೀಕ್’ ಕೇಳಿದ ಆಲಿವರ್ ಹಕ್ಕಿಯ ಕೊಕ್ಕು ಎಂದುಕೊಳ್ಳುತ್ತಾನೆ, ಮ್ಯಾಜಿಸ್ಟ್ರೇಟ್ ಎಂದು ಡಾಡ್ಜರ್ ತಿದ್ದುತ್ತಾನೆ. ಅಂದರೆ ಕಾದಂಬರಿಯೊಳಗೇ ನಿಘಂಟಿದೆ. ಇಲ್ಲಿ ‘ಕೊಕ್ಕು’ ಎಂದೇ ಅನುವಾದಿಸಿ, ತಮಾಷೆಯೂ ಅರ್ಥವೂ ತಾನಾಗಿ ಬರುತ್ತವೆ. ಹೀಗೆ ಮೂಲದಲ್ಲೇ ಚಿತ್ರವಿರುವ ಪದಗಳಿಗೆ ಕನ್ನಡದಲ್ಲೂ ಚಿತ್ರ ಕೊಡಿ. ಪಿಸ್ತೂಲಿಗೆ ‘ಬಾರ್ಕರ್ಸ್’ ಎಂದಿದ್ದರೆ ‘ಬೊಗಳುವವು’ ಸಾಕು. ಮೂಲದಲ್ಲಿ ಚಿತ್ರವಿಲ್ಲದ ‘ಫೋಗಲ್’, ‘ಪ್ರಿಗ್’ (ಕಳ್ಳ) ಥರದವನ್ನು ಹಾಗೆಯೇ ಉಳಿಸಬಹುದು, ಆದರೆ ಇಡೀ ಪುಸ್ತಕದಲ್ಲಿ ಎಂಟು ಹತ್ತು ಮೀರದಿರಲಿ, ಮತ್ತು ಪ್ರತಿಯೊಂದೂ ಎರಡು ಮೂರು ಕಡೆ ಮರಳಿ ಬರುವಂಥದ್ದಾಗಿರಲಿ. ಒಮ್ಮೆ ಮಾತ್ರ ಬರುವ ಪದ ಓದುಗನಿಗೆ ಬರೀ ಎಡವುಗಲ್ಲು. ಅಡಿಟಿಪ್ಪಣಿ ಸಂಭಾಷಣೆಯ ಓಟವನ್ನು ಕೊಲ್ಲುತ್ತದೆ. ಬೇಕಿದ್ದರೆ ಕೊನೆಯಲ್ಲಿ ಒಂದು ಪುಟದ ಪದಕೋಶ ಇಡಿ.

‘ಕೋವಿ’ಯನ್ನು ಮಾತ್ರ ಲಿಪ್ಯಂತರ ಮಾಡಬೇಡಿ, ನಮ್ಮವರು ಬಂದೂಕು ಎಂದುಕೊಳ್ಳುತ್ತಾರೆ. ಕೋವ್ ಎಂದರೆ ಆಸಾಮಿ, ಕೋವಿ ಎಂದರೆ ಪುಟ್ಟ ಆಸಾಮಿ. ‘ಏನ್ ಮರಿ’ ಎಂದರೆ ಸರಿಹೋಗುತ್ತದೆ.

‘ಮಿಲ್’ ಅಂದರೆ ಕೈದಿಗಳು ತುಳಿಯುತ್ತಿದ್ದ ಚಕ್ರ, ಎಂಜಿನಿಯರ್ ವಿಲಿಯಂ ಕ್ಯುಬಿಟ್ 1818ರ ಸುಮಾರಿಗೆ ಜೈಲುಗಳಿಗೆ ತಂದದ್ದು. ‘ಟ್ರೆಡ್‌ಮಿಲ್’ ಎಂದು ಬರೆದರೆ ಇವತ್ತಿನ ಓದುಗ ನೇರ ಜಿಮ್ಮಿಗೆ ಹೋಗುತ್ತಾನೆ. ‘ಗಾಣ’ ಎನ್ನಿ, ಎತ್ತಿನ ನೆನಪೂ ಜೊತೆಗೆ ಬರುತ್ತದೆ. ‘ಸ್ಟೋನ್ ಜಗ್’ ಎಂದರೆ ನ್ಯೂಗೇಟ್ ಜೈಲು. ‘ಮಾವನ ಮನೆ’ ಎಂಬ ನಮ್ಮ ರೂಢಿ ನಾಲಿಗೆಯ ತುದಿಗೆ ಬರುತ್ತದೆ, ತಡೆಯಿರಿ. ಕಲ್ಲಿನ ಹೂಜಿಯೊಳಗೂ ಹಿಡಿಸುವಷ್ಟು ಸಣ್ಣ ಗಾಣ ಎಂಬ ಡಾಡ್ಜರ್‌ನ ಹಾಸ್ಯ ಮಾವನ ಮನೆಯಲ್ಲಿ ಕೆಟ್ಟುಹೋಗುತ್ತದೆ. ‘ಕಲ್ಲು ಹೂಜಿ’ಯೇ ಇರಲಿ.

‘ಒಂದು ಬಾಬ್, ಒಂದು ಮ್ಯಾಗ್‌ಪೈ’ ಎಂದರೆ ಒಂದು ಷಿಲಿಂಗು ಮತ್ತು ಅರ್ಧ ಪೆನ್ನಿ, ಒಟ್ಟು ಹನ್ನೆರಡೂವರೆ ಪೆನ್ಸು. ಪಾವಲಿ, ಮೂರು ಕಾಸು ಎಂದು ನಮ್ಮ ಹಳೆಯ ನಾಣ್ಯಕ್ಕೆ ಬದಲಿಸಿದರೆ ಬೆಲೆಯ ಲೆಕ್ಕವೂ ಊರೂ ಎರಡೂ ತಪ್ಪುತ್ತವೆ. ‘ಒಂದು ಷಿಲಿಂಗು, ಮೇಲೊಂದು ಕಿಲುಬು ಕಾಸು’ ಎಂದರೆ ಬಡಾಯಿಯ ಹಿಂದಿನ ಬಡತನ ಕೇಳಿಸುತ್ತದೆ. ಅದರ ಬೆನ್ನಿಗೇ ಬರುವ ಫೋರ್ಕ್ ಔಟ್, ಸ್ಟಂಪ್ ಎರಡೂ ಹಣ ತೆರುವುದೇ. ‘ಇದ್ದಷ್ಟು ಬಿಚ್ಚುತ್ತೀನಿ’ ಸಾಕು.

ಉಳಿದದ್ದು ‘ಮಾರಿಸ್’. ನೆಲದಿಂದ ಆಲಿವರ್‌ನನ್ನು ಎಬ್ಬಿಸಿ ಡಾಡ್ಜರ್ ಹೇಳುವ ಮಾತು. ಗ್ರೋಸ್ ಅದನ್ನು ಮಾರಿಸ್ ಎಂಬ ಹಳ್ಳಿಕುಣಿತಕ್ಕೆ ಜೋಡಿಸುತ್ತಾನೆ: ಕುಣಿಯುತ್ತ ಹೊರಡು, ಜಾಗ ಖಾಲಿ ಮಾಡು ಎಂದು. ಇದಕ್ಕೆ ಪದಕೋಶದ ಸಾಲು ಬೇಡ. ಕನ್ನಡದಲ್ಲಿ ನಡೆಯುವವನೂ ಕುಣಿಯುವವನೂ ಹೆಜ್ಜೆ ಹಾಕುತ್ತಾನೆ. ‘ಏಳು ಮರಿ, ಹಾಕು ಹೆಜ್ಜೆ’ ಎಂದು ಬರೆದು ಮುಂದಿನ ಸಾಲಿಗೆ ಹೋಗಿ.